ಹೊನ್ನಿಯ ಉಗುರು, ಖಾಲಾನ ಗಾಲಿಚಾ

ಹೈದರಾಬಾದಿನ ಗಾಡಿ ದಾರಿಯಲ್ಲೇ ಪಂಕ್ಚರ್ ಆಗಿ ನಿಲ್ಲಬಹುದಿತ್ತು. ನಿಲ್ಲದೆ ಬಂದರೂ ಖಾಲಾ ಅದರಲ್ಲಿ ಇರದೆ ಹೋಗಬಹುದಿತ್ತು. ಇದ್ದರೆ, ಎಪ್ಪತ್ತು ದಾಟಿದ ಜೀವ, ಇಳಿಯುವಾಗ ಮೆಟ್ಟಿಲ ಮೇಲೆ ಕಾಲು ಜಾರಬಹುದಿತ್ತು. ಮನೆಗೆ ಬಂದ ಮೇಲೆ ನೆಲಕ್ಕೆ ಹಾಸಿದ ತಮ್ಮ ಗಾಲಿಚಾದ ಮೂಲೆ ನೋಡಿ ಏನೂ ಅನ್ನದೆ ಸುಮ್ಮನಾಗಿಬಿಡಬಹುದಿತ್ತು. ಅವರು ಬೈದರೆ ತಡೆದುಕೊಂಡೇನು, ಸುಮ್ಮನಾದರೆ ನನ್ನಿಂದಾಗದು. ಅವರ ಕಣ್ಣೆದುರೇ ಬೆಕ್ಕು ಬಂದು ಉಗುರು ಹಾಕಬಹುದಿತ್ತು. ಸುಳ್ಳು ಹೇಳಲು ಬಾರದ ನನ್ನ ಹೆಂಡತಿ ಮಹಾದೇವಿ, ಯಾರೂ ಕೇಳುವ ಮೊದಲೇ ಎಲ್ಲ ಹೇಳಿ ಮುಗಿಸಬಹುದಿತ್ತು. ಗಾಲಿಚಾ ಬಸ್ಸಿನ ಟಪ್ಪದ ಮೇಲೆ ಏರಿದ ಮೇಲೆ ಜಹೀರಾಬಾದಿನ ಹತ್ತಿರ ಮಳೆ ಹಿಡಿಯಬಹುದಿತ್ತು. ಹಗ್ಗ ಸಡಿಲಾಗಿ ಅದು ರಸ್ತೆಗೆ ಬಿದ್ದು, ಹಿಂದಿನ ಲಾರಿ ಅದರ ಮೇಲೆ ಹಾದು ಹೋಗಬಹುದಿತ್ತು. ಬೀಳದೆ ಇದ್ದರೂ, ಯಾರೋ ತಮ್ಮದೆಂದುಕೊಂಡು ನಡುದಾರಿಯಲ್ಲಿ ಇಳಿಸಿಕೊಂಡು ಹೋಗಬಹುದಿತ್ತು.

ಇವುಗಳಲ್ಲಿ ಒಂದೂ ನಾನು ಅಂಜಿದಷ್ಟು ದೊಡ್ಡದಾಗಿ ನಡೆಯಲಿಲ್ಲ. ಕೆಟ್ಟದ್ದು ಬೇರೊಂದು, ಬಹಳ ಸಣ್ಣದು. ಅದನ್ನು ಕಡೆಗೆ ಹೇಳುತ್ತೇನೆ. ಮೊದಲೇ ಹೇಳಿದರೆ ಮೂರು ವಾರ ನಾನು ಇಷ್ಟು ಶ್ರಮಪಟ್ಟು ಮಾಡಿದ ಚಿಂತೆಗೆ ಮರ್ಯಾದೆ ಉಳಿಯುವುದಿಲ್ಲ.

ನಾನು ಹುಮನಾಬಾದ್ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಜಾಳಿಗೆಯ ಕಿಟಕಿಯ ಹಿಂದೆ ಕುಳಿತು ಯಾವ ಗಾಡಿ ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೋಯಿತು ಎಂದು ರಿಜಿಸ್ಟರಿನಲ್ಲಿ ಬರೆಯುವುದು, ತಡವಾಗಿದ್ದರೆ ಕೊನೆಯ ಕಾಲಮ್ಮಿನಲ್ಲಿ ಕಾರಣ ಬರೆಯುವುದು ನನ್ನ ಕೆಲಸ. ಹುಟ್ಟಾ ಚಿಂತೆಗಾರನನ್ನು ತಂದು ಇಂಥ ಖುರ್ಚಿಯ ಮೇಲೆ ಕೂರಿಸುವುದೆಂದರೆ ಸಕ್ಕರೆ ಕಾಯಿಲೆಯವನಿಗೆ ಪೇಢೆಯ ಅಂಗಡಿ ವಹಿಸಿಕೊಟ್ಟ ಹಾಗೆ. ಒಂದು ಗಾಡಿ ಬರಲು ಹತ್ತು ನಿಮಿಷ ತಡವಾದರೆ ನನ್ನ ತಲೆಯಲ್ಲಿ ಅದು ಹತ್ತು ರೀತಿಯಲ್ಲಿ ಮಗುಚಿ ಬಿದ್ದಿರುತ್ತದೆ. ಆದರೆ ಒಂದು ಮಾತು, ನನ್ನ ಕಾರಣದಿಂದ ಯಾವ ಗಾಡಿಯೂ ತಡವಾಗಿ ಹೊರಟದ್ದಿಲ್ಲ. ಬದುಕಿನಲ್ಲಿ ಹೆಮ್ಮೆಪಡಲು ನನ್ನ ಹತ್ತಿರ ಇದ್ದದ್ದು ಇದೊಂದೇ ಆದ್ದರಿಂದ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ಖಾಲಾ ಯಾರು ಅಂತ ಹೇಳಬೇಕಲ್ಲ. ಅದಕ್ಕೆ ನೀವು ನನ್ನ ಜೊತೆ ಕಲ್ಯಾಣಕ್ಕೆ ಬರಬೇಕು, ಅದೂ ಊರಿಗೆ ಇನ್ನೂ ಬಸವಣ್ಣನ ಹೆಸರು ಸೇರಿರದ ಕಾಲಕ್ಕೆ. ಕಿಲ್ಲೆಯ ಹತ್ತಿರದ ಓಣಿಯಲ್ಲಿ ನಮ್ಮ ಮನೆ, ಗೋಡೆಗೆ ಗೋಡೆ ಹತ್ತಿ, ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಖಾಲಾನ ಮನೆ. ಮನೆಯಲ್ಲಿ ನಮ್ಮದು ಕನ್ನಡ, ಸಾಲೆಯಲ್ಲಿ ಉರ್ದೂ. ಸಾಲೆಗೆ ಹೋದ ಮೊದಲ ದಿನ ಮಾಸ್ತರರು ಹೇಳಿದ್ದು ಒಂದಕ್ಷರ ತಿಳಿಯದೆ, ಬೈಯುತ್ತಿದ್ದಾರೆ ಅಂತ ತಿಳಿದು ಅತ್ತುಕೊಂಡು ಮನೆಗೆ ಬಂದೆ. ಪಾಪ, ಅವರು ನನ್ನ ಹೆಸರು ಕೇಳಿದ್ದರಂತೆ. ಅವ್ವ ನನ್ನ ರಟ್ಟೆ ಹಿಡಿದು ಪಕ್ಕದ ಮನೆಗೆ ಕರೆದುಕೊಂಡು ಹೋಗಿ, "ಖಾಲಾ, ಇವನಿಗಿಷ್ಟು ಅಲಿಫ್ ಬೇ ಕಲಿಸ್ರಿ, ಸಾಲ್ಯಾಗ ಕುರಿ ಕೂತಂಗ ಕೂಡ್ತಾನ" ಅಂದಳು. ಗಂಡನನ್ನು ಕಳೆದುಕೊಂಡು ಒಬ್ಬಳೇ ಮಗಳನ್ನು ಸಾಕುತ್ತಿದ್ದ ಖಾಲಾ, ಓಣಿಯ ನಾಲ್ಕೈದು ಮಕ್ಕಳಿಗೆ ಮಧ್ಯಾಹ್ನ ಅಕ್ಷರ ಹೇಳಿಕೊಡುತ್ತಿದ್ದರು. ಆ ಗುಂಪಿಗೆ ನಾನೂ ಸೇರಿದೆ.

ನಾವು ಕೂಡುತ್ತಿದ್ದದ್ದು ಒಂದು ಗಾಲಿಚಾದ ಮೇಲೆ. ದಾಳಿಂಬೆ ಸಿಪ್ಪೆಯ ಕೆಂಪು, ಸುತ್ತ ಕಪ್ಪು ಅಂಚು, ನಾಲ್ಕು ಮೂಲೆಯಲ್ಲಿ ನಾಲ್ಕು ಹಳದಿ ಹೂವು. ನಮ್ಮ ಮನೆಯಲ್ಲಿ ಕಂಬಳಿ ಬಿಟ್ಟರೆ ಬೇರೆ ಹಾಸಿಗೆ ಕಾಣದ ನನಗೆ ಅದರ ಮೇಲೆ ಕಾಲಿಡಲೂ ಅಂಜಿಕೆ. ನನಗೆ ಸಿಕ್ಕಿದ್ದು ಬಾಗಿಲ ಕಡೆಯ ಮೂಲೆ. ಬಾಯಲ್ಲಿ ಅಲಿಫ್, ಬೇ, ಪೇ. ಕೈಯಲ್ಲಿ ಆ ಮೂಲೆಯ ಉಣ್ಣೆ. ತಪ್ಪು ಹೇಳಿಬಿಟ್ಟರೆ ಹ್ಯಾಗೆ ಎಂಬ ದಿಗಿಲಿಗೆ ನನ್ನ ಬೆರಳು ತಾವಾಗಿಯೇ ಎಳೆ ಕೀಳುತ್ತಿದ್ದವು. ಒಂದು ತಿಂಗಳಿನಲ್ಲಿ ನನ್ನ ಪಾಲಿನ ಹಳದಿ ಹೂವಿನ ಅರ್ಧ ಎಸಳು ಬೋಳಾಯಿತು. ಖಾಲಾ ಅದನ್ನು ನೋಡಿದರು. ಬೈಯಲಿಲ್ಲ. ಒಳಗೆ ಹೋಗಿ ಒಂದು ಮೊಳ ಸೆಣಬಿನ ಸುತಳಿ ತಂದು ನನ್ನ ಕೈಗೆ ಕೊಟ್ಟು, "ಬೇಟಾ ಸಂಗು, ನಿನ್ನ ಕೈಗೆ ಕೆಲಸ ಬೇಕಾಗ್ಯದ. ಇದನ್ನ ಕೀಳು" ಅಂದರು. ಅವತ್ತಿನಿಂದ ನಾನು ಸುತಳಿ ಬಿಚ್ಚುತ್ತ, ಹೊಸೆಯುತ್ತ ಅಕ್ಷರ ಕಲಿತೆ. ಹರಿದ ಎಸಳನ್ನು ಖಾಲಾ ಎಳೆಗೆ ಎಳೆ ಹೊಲಿದು ರಫೂ ಮಾಡಿದರು.

ಆಮೇಲೆ ರಾಜ್ಯ ಬದಲಾಯಿತು, ಸಾಲೆ ಕನ್ನಡವಾಯಿತು. ನಾನು ಮತ್ತೆ ಮೊದಲಿನಿಂದ ಶುರು. ಅಭ್ಯಾಸಬಲದಿಂದ ಪಾಟಿಯ ಬಲಗಡೆಯಿಂದ ಅ, ಆ ಬರೆದು ಹೊಸ ಮಾಸ್ತರರ ಹತ್ತಿರ ಕಿವಿ ಹಿಂಡಿಸಿಕೊಂಡೆ. ಕಲಿತದ್ದೆಲ್ಲ ದಂಡವಾಯಿತೆಂದು ಖಾಲಾನ ಮುಂದೆ ಅತ್ತಾಗ, "ಅಕ್ಷರ ಏನ್ ಹೊತ್ಕೊಂಡು ತಿರಗ್ತೀಯೇನೋ, ಭಾರ ಆಗಾಕ? ಇದೂ ಕಲಿ" ಅಂದರು. ಮುಂದೆ ನನಗೆ ಈ ನೌಕರಿ ಸಿಕ್ಕಾಗ, ಹಳೆಯ ಕಾಗದಪತ್ರ ಓದಲು ಬರುವ ಹುಡುಗ ಅಂತ ಆಫೀಸಿನಲ್ಲಿ ನನಗೆ ಸ್ವಲ್ಪ ಕಿಮ್ಮತ್ತು ಇತ್ತು. ಅದು ಖಾಲಾ ಕೊಟ್ಟದ್ದು.

ಗಾಲಿಚಾ ನನ್ನ ಮನೆಗೆ ಬಂದು ಹದಿಮೂರು ವರ್ಷವಾಯಿತು. ಖಾಲಾ ಕಲ್ಯಾಣದ ಮನೆ ಬಿಟ್ಟು ಹೈದರಾಬಾದಿಗೆ ಮಗಳ ಹತ್ತಿರ ಹೊರಟಿದ್ದರು. ಹುಮನಾಬಾದಿನಲ್ಲಿ ಗಾಡಿ ಚಹಾಕ್ಕೆ ನಿಂತಾಗ ಟಪ್ಪದ ಮೇಲಿಂದ ಗಾಲಿಚಾ ಇಳಿಸಿದರು. "ಮಗಳ ಮನಿ ಸಣ್ಣದು, ಹಾಸಾಕ ಜಾಗಾ ಇಲ್ಲ. ನಿನ್ನ ಹತ್ರ ಅಮಾನತ್ ಇರ್ಲಿ. ಬೇಕಾದಾಗ ಬಂದು ಒಯ್ತೀನಿ" ಅಂದರು. ನಂಬಿ ಇಟ್ಟುಹೋದ ವಸ್ತುವಿಗೆ ನಮ್ಮ ಕಡೆ ಅಮಾನತ್ ಅನ್ನುತ್ತೇವೆ. ಸ್ವಂತದ್ದು ಹಾಳಾದರೆ ಒಂದು ದಿನದ ದುಃಖ. ಅಮಾನತ್ ಹಾಳಾದರೆ ತಲೆ ಎತ್ತುವಂತಿಲ್ಲ. ಅದರ ಜೊತೆಗೊಂದು ಕರಾರು ಬೇರೆ: "ಸುತ್ತಿ ಇಡಬ್ಯಾಡ, ಹುಳಾ ತಿಂತಾವ. ಹಾಸು. ಮಂದಿ ಕೂಡ್ಲಿ, ಮಕ್ಕಳು ಹೊರಳಾಡ್ಲಿ. ಯಾರೂ ಕೂಡದ ಗಾಲಿಚಾ ಸತ್ತು ಹೋಗ್ತದ ಬೇಟಾ."

ಹೀಗಾಗಿ ಅದನ್ನು ಪಡಸಾಲೆಯಲ್ಲಿ ಹಾಸಿದೆ. ನನ್ನ ಮಕ್ಕಳು ಅದರ ಮೇಲೆ ಹೊರಳಿದರು, ಓದಿದರು, ಜಗಳಾಡಿದರು. ನಾನು ಮಾತ್ರ ಹದಿಮೂರು ವರ್ಷ ಅದರ ಅಂಚಿನಲ್ಲೇ ಕುಳಿತೆ.

ಹೆಚ್ಚುಕಡಿಮೆ ಅದೇ ವರ್ಷ ಬಂದವಳು ಹೊನ್ನಿ. ಬಸ್ ಸ್ಟ್ಯಾಂಡಿನ ಪಾರ್ಸಲ್ ಕೋಣೆಯ ಹಿಂದೆ ಹುಟ್ಟಿದ ಹಳದಿ ಮರಿ. ಬಸ್ಸಿನ ಗಾಲಿಗೆ ಸಿಕ್ಕೀತೆಂಬ ಚಿಂತೆಯಿಂದ ಮೂರು ದಿನ ಊಟ ಸೇರದೆ, ನಾಲ್ಕನೆಯ ದಿನ ಟವೆಲ್ಲಿನಲ್ಲಿ ಸುತ್ತಿ ಮನೆಗೆ ತಂದಿದ್ದೆ. ಅಂಗಳದ ಬೇವಿನ ಗಿಡ ಅವಳ ಆಸ್ತಿ. ಬೆಳಿಗ್ಗೆ ಎದ್ದು ಹಿಂಗಾಲ ಮೇಲೆ ನಿಂತು, ಮುಂಗಾಲು ಮೇಲಕ್ಕೆ ಚಾಚಿ, ಬೊಡ್ಡೆಗೆ ಉಗುರು ಮಸೆದು, ಸರಸರ ಏರಿ ಕುಳಿತಳೆಂದರೆ ಓಣಿಗೆಲ್ಲ ಒಡತಿ. ಗಾಲಿಚಾದ ಕಡೆ ಒಮ್ಮೆಯೂ ಕಣ್ಣು ಹಾಕಿದವಳಲ್ಲ.

ಈ ವರ್ಷದ ಚಳಿಗಾಲದಲ್ಲಿ ಏನಾಯಿತೋ. ಒಂದು ಮುಂಜಾನೆ ಪೂಜೆಗೆ ಕುಳಿತಿದ್ದೆ. ಬಟ್ಟೆ ಅಂಗಡಿಯಲ್ಲಿ ಖಾದಿ ಹರಿದಂಥ ಸದ್ದು, ಪರ್ರ್, ಪರ್ರ್. ತಿರುಗಿ ನೋಡಿದರೆ ಹೊನ್ನಿ ಗಾಲಿಚಾದ ಮೂಲೆಯಲ್ಲಿ ಕುಳಿತು, ಕಣ್ಣು ಅರ್ಧ ಮುಚ್ಚಿ, ಎರಡೂ ಕೈಯಿಂದ ಕೆರೆಯುತ್ತಿದ್ದಾಳೆ. ಉಳಿದ ಮೂರು ಮೂಲೆ ಬಿಟ್ಟು ಅದೇ ಮೂಲೆ, ನನ್ನದು. ನಾನು ಓಡಿಸಿದೆ. ಮರುದಿನ ಮತ್ತೆ. ಅದರ ಮರುದಿನವೂ.

ಇಂಥ ಹೊತ್ತಿನಲ್ಲೇ ಚೀಟಿ ಬಂತು. ಕಲ್ಯಾಣ–ಹೈದರಾಬಾದ್ ಗಾಡಿಯ ಕಂಡಕ್ಟರ್ ಮಾಣಿಕಪ್ಪ ಜೇಬಿನಿಂದ ತೆಗೆದು ಕಿಟಕಿಯೊಳಗೆ ಇಟ್ಟ. "ಒಬ್ಬ ಅಜ್ಜಿ ಕೊಟ್ಟಾರ್ರಿ. ನಿಮಗ ಓದಾಕ ಬರ್ತದ ಅಂದ್ರು." ಉರ್ದೂ. ಅಕ್ಷರ ಅಕ್ಷರ ಕೂಡಿಸಿ ಓದಿದೆ. ಮರಿಮೊಮ್ಮಗಳ ಬಿಸ್ಮಿಲ್ಲಾ ಇದೆಯಂತೆ. ಅಂದರೆ ಮಗುವಿಗೆ ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನ ತುಂಬಿದಾಗ ಕೂರಿಸಿಕೊಂಡು ಮೊದಲ ಅಕ್ಷರ ಹೇಳಿಸುವ ದಿನ. ಇವತ್ತಲ್ಲದಿದ್ದರೆ ನಾಳೆ ಎಂದು ಮುಂದೂಡುವಂಥದ್ದಲ್ಲ. ಆ ಮಗು ಅದೇ ಗಾಲಿಚಾದ ಮೇಲೆ ಕೂಡಬೇಕು ಅಂತ ಖಾಲಾನ ಆಸೆ. ಮೂರು ವಾರ ಬಿಟ್ಟು ಬರುತ್ತೇನೆ, ಒಯ್ಯುತ್ತೇನೆ ಎಂದು ಬರೆದಿದ್ದರು. ಕೆಳಗೆ ಒಂದು ಸಾಲು: "ಮೂಲೆಯ ಹೂವು ಹ್ಯಾಗಿದೆ?"

ಮನೆಗೆ ಹೋಗಿ ಓದಿ ಹೇಳಿದೆ. ಮಹಾದೇವಿ ಮೂಲೆ ನೋಡಿದಳು, ನನ್ನ ಮೋರೆ ನೋಡಿದಳು. "ಹೂವು ಹ್ಯಾಂಗ ಅದ ಅಂತ ಬರೀತೀರಿ?" ಅಂದಳು. ನಾನು ಬರೆಯಲಿಲ್ಲ.

ಆ ವಾರ ನಾನು ಮಾಡಿದ ಉಪಾಯಗಳನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತವೆ. ನಿಂಬೆಸಿಪ್ಪೆ ಇಟ್ಟೆ, ಹೊನ್ನಿ ಮೂಸಿ, ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿ, ಕೆಲಸ ಮುಂದುವರಿಸಿದಳು. ಅಂಚಿನ ಸುತ್ತ ಖಾರಪುಡಿ ಉದುರಿಸಿದೆ. ಪೂಜೆಗೆ ಕುಳಿತ ನಾನು ಹದಿನಾರು ಸಲ ಸೀನಿದೆ, ಹೊನ್ನಿ ಒಮ್ಮೆ ಆಕಳಿಸಿದಳು. ಮೇಲೊಂದು ಜಮಖಾನ ಮುಚ್ಚಿದೆ. ಅವಳು ಅದರ ಕೆಳಗೆ ಹೊಕ್ಕಳು. ಈಗ ಹರಿಯುವುದು ಕಾಣುತ್ತಿರಲಿಲ್ಲ, ಕೇಳುತ್ತಿತ್ತು ಅಷ್ಟೇ. ಉಗುರು ಕತ್ತರಿಸಲು ಹೋದೆ. ಮರುದಿನ ಕೈಗೆ ಪಟ್ಟಿ ಕಟ್ಟಿಕೊಂಡು ಡ್ಯೂಟಿಗೆ ಹೋದೆ. ಕಡೆಗೆ ಕರಾರು ಮುರಿದು ಒಂದು ಮುಂಜಾನೆ ಗಾಲಿಚಾ ಸುತ್ತಿಯೇ ಇಟ್ಟೆ. ಡ್ಯೂಟಿಯಲ್ಲಿ ಇಡೀ ದಿನ ಅದರೊಳಗೆ ಹುಳ ಹೊಕ್ಕು ತಿನ್ನುವ ಸದ್ದು ಕೇಳಿಸಿತು. ಸಂಜೆ ಬಂದವನೇ ಬೂಟು ಬಿಚ್ಚುವ ಮೊದಲು ಗಾಲಿಚಾ ಬಿಚ್ಚಿದೆ.

ನಮ್ಮ ಬಸ್ಸಿನ ಮಂದಿಗೆ ಒಂದು ಚಟವಿದೆ. ಏನೇ ತೊಂದರೆ ಬರಲಿ, ಅದನ್ನು ಕಂಡಕ್ಟರನ ಕೈಯಲ್ಲಿ ಕೊಟ್ಟು ಮುಂದಿನ ಊರಿಗೆ ಕಳಿಸುತ್ತೇವೆ. ಮರೆತ ಛತ್ರಿ, ಔಷಧದ ಬಾಟ್ಲಿ, ಹಬ್ಬದ ಹೋಳಿಗೆ, ಮನೆಯ ಜಗಳದ ಚೀಟಿ, ಎಲ್ಲ ಹಾಗೇ ಹೋಗುತ್ತವೆ, ಬರುತ್ತವೆ. ಬೆಕ್ಕನ್ನೂ ಹಾಗೇ ಕಳಿಸಬಹುದೆಂದು ನನಗೆ ಹೊಳೆದದ್ದರಲ್ಲಿ ಆಶ್ಚರ್ಯವೇನಿಲ್ಲ. ಕಲ್ಯಾಣದಲ್ಲಿ ನಮ್ಮಕ್ಕ ಇದ್ದಾಳೆ. ಮೋರಖಂಡಿಯಲ್ಲಿ ಹೊಲ, ಮನೆ ತುಂಬ ಜೋಳದ ಚೀಲ, ಚೀಲಕ್ಕೊಂದು ಇಲಿ. ಬುಟ್ಟಿಯಲ್ಲಿ ಹೊನ್ನಿಯನ್ನು ಕೂರಿಸಿ, ಮೇಲೆ ಪಂಜೆ ಕಟ್ಟಿ, ಮಾಣಿಕಪ್ಪನ ಕೈಗೆ ಕೊಟ್ಟೆ.

"ಟಿಕೆಟ್ ಹರೀಲೇನ್ರಿ ಸಾಹೇಬ್ರ?" ಅಂದ.

"ಸಾಮಾನು ಅಂತ ಹರಿ."

"ಸಾಮಾನು ನನ್ನ ಕಡೆ ಕಣ್ಣು ಬಿಟ್ಟು ನೋಡಾಕತ್ತದಲ್ರಿ."

ಗಾಡಿ ಹೋಯಿತು. ಗಾಲಿಚಾ ಸುರಕ್ಷಿತವಾಗಿತ್ತು, ಅದರ ಮೇಲೆ ಕೂಡಲು ಮಾತ್ರ ಯಾರಿಗೂ ಮನಸ್ಸಿರಲಿಲ್ಲ.

ಐದನೆಯ ದಿನ ಬೆಳಗಿನ ಗಾಡಿಯಿಂದ ಅಕ್ಕನೇ ಇಳಿದಳು. ಕೈಯಲ್ಲಿದ್ದ ಬುಟ್ಟಿಯನ್ನು ಕಂಕುಳಿಗೆ ಏರಿಸಿ ನೇರ ನನ್ನ ಕಿಟಕಿಗೆ ಬಂದಳು.

"ಏನೋ ಸಂಗ್ಯಾ, ಮುದುಕಿಗೆ ಗಡೀಪಾರು ಮಾಡ್ತಿ?"

"ಅಕ್ಕಾ, ಖಾಲಾನ ಗಾಲಿಚಾ..."

"ಗೊತ್ತದ, ಸುಮ್ಕಿರು. ನಾಕ್ ದಿನ ಆಕಿನ್ನ ನೋಡೀನಿ. ನೀ ಹದಿಮೂರು ವರ್ಷ ಮನ್ಯಾಗ ಇಟ್ಕೊಂಡು ನೋಡಿಲ್ಲ. ನಮ್ಮ ಹಿತ್ತಲದಾಗ ಗಿಡದ ಹತ್ರ ಹೋದ್ಲು. ಮುಂಗಾಲು ಎತ್ತಿದ್ಲು, ಅರ್ಧಕ್ಕ ಇಳಿಸಿದ್ಲು. ಮತ್ತ ಎತ್ತಿದ್ಲು, ಮತ್ತ ಇಳಿಸಿದ್ಲು. ಸಂದು ಹಿಡಕೊಂಡಾವೋ ಆಕಿಗೆ. ಎದ್ದು ನಿಂದ್ರಾಕ ಆಗಂಗಿಲ್ಲ."

ಕಿಟಕಿಯ ಮುಂದೆ ನಿಂತ ನಾಲ್ಕು ಜನ ಪ್ರಯಾಣಿಕರೂ ಕೇಳುತ್ತಿದ್ದರು. ಅಕ್ಕನಿಗೆ ಅದರ ಪರಿವೆಯಿಲ್ಲ.

"ಆಮ್ಯಾಲ ನೋಡಿದ್ರ, ಜ್ವಾಳದ ಚೀಲದ ಬುಡಕ ಗೋಣಿತಟ್ಟು ಹಾಸೀನಲ್ಲ, ಅದರ ಮ್ಯಾಲ ಕುಂತು ಕೆರೀತಾಳ. ನೆಲದ ಮ್ಯಾಲ, ಕುಂತಲ್ಲೇ, ಉಗುರಿಗೆ ಹತ್ತೂವಂಥಾದ್ದು ಬೇಕು ಆಕಿಗೆ. ನಿನ್ನ ಮನ್ಯಾಗ ಅಂಥಾದ್ದು ಏನದ? ಗಾಲಿಚಾ ಒಂದೇ ಅದ. ಮತ್ತೇನು ನಿನ್ನ ತಲಿ ಕೆರೀಬೇಕಾಗಿತ್ತೇನು?"

ಪ್ರಯಾಣಿಕರಲ್ಲಿ ಒಬ್ಬ ನಕ್ಕ. ನಾನು ರಿಜಿಸ್ಟರ್ ನೋಡಿದೆ.

ಬುಟ್ಟಿಯಲ್ಲಿ ಹೊನ್ನಿಯ ಕೆಳಗೆ ಆ ಗೋಣಿತಟ್ಟು ಮಡಚಿ ಇತ್ತು. ಒಗೆಯಬಾರದು, ಅದಕ್ಕೆ ಅವಳ ವಾಸನೆ ಹತ್ತಿದೆ ಎಂದು ಅಕ್ಕ ತಾಕೀತು ಮಾಡಿದಳು. ಮನೆಗೆ ಬಂದು ಅದನ್ನು ಒಂದು ಹಲಗೆಗೆ ಮೊಳೆ ಹೊಡೆದು ಬಿಗಿದಳು. ಹಲಗೆಯನ್ನು ನಾನು ಅಂಗಳದ ಆಚೆ ತುದಿಗೆ ಒಯ್ಯತೊಡಗಿದಾಗ ನನ್ನ ಅಂಗಿ ಹಿಡಿದು ನಿಲ್ಲಿಸಿ, "ಅಷ್ಟು ದೂರ ಆಕಿ ಯಾಕ ಬರ್ತಾಳ? ಮೂಲಿ ಬಾಜೂಕ ಇಡು. ಅಲ್ಲಿ ರೂಢಿ ಆಗ್ಲಿ. ಆಮ್ಯಾಲ ದಿನಾ ಒಂದ್ ಗೇಣು ಬಾಗಲ ಕಡೆ ಸರಿಸು. ಒಂದೇ ಗೇಣು. ನಿನ್ನ ಅವಸರ ಗೊತ್ತದ ನನಗ" ಅಂದಳು.

ಆಮೇಲಿನ ಹತ್ತು ದಿನ ನನ್ನ ಬದುಕಿನ ಮುಖ್ಯ ಕೆಲಸ ಗೇಣು ಅಳೆಯುವುದು. ಮೊದಲ ದಿನ ಹೊನ್ನಿ ಗಾಲಿಚಾಕ್ಕೆ ಉಗುರು ಹಾಕಲು ಬಂದವಳು ಗೋಣಿತಟ್ಟು ಕಂಡು ನಿಂತಳು, ಮೂಸಿದಳು, ಅದರ ಮೇಲೆ ಕುಳಿತು ಕೆರೆದಳು. ಮಹಾದೇವಿ ತಲೆ ಸವರಿ ಒಂದು ಬಟ್ಟಲು ಹಾಲು ಇಟ್ಟಳು; ನನಗೆ ಚಹಾ ಮಾಡುವುದನ್ನು ಮರೆತಳು. ಎರಡನೆಯ ದಿನ ಒಂದು ಗೇಣು. ಐದನೆಯ ದಿನ ಆಸೆ ಹೆಚ್ಚಾಗಿ ಎರಡು ಗೇಣು ಸರಿಸಿದೆ. ಮರುದಿನ ಅವಳು ಗಾಲಿಚಾದ ಹತ್ತಿರ ಬಂದು ನಿಂತು ನನ್ನ ಮುಖ ನೋಡಿದಳು. ತಪ್ಪಾಯಿತೆಂದು ಒಂದು ಗೇಣು ಹಿಂದೆ ತಂದೆ. ಹತ್ತನೆಯ ದಿನದ ಹೊತ್ತಿಗೆ ಹಲಗೆ ಬಾಗಿಲ ಪಕ್ಕ ಬಿಸಿಲು ಬೀಳುವ ಕಡೆ ಬಂದು ನಿಂತಿತು. ಹೊನ್ನಿಯೂ ಅಲ್ಲೇ.

ಹರಿದ ಮೂಲೆಯನ್ನು ಮಹಾದೇವಿ ರಫೂ ಮಾಡಿದಳು. ಮಗಳ ಹಳೆಯ ಸ್ವೆಟರ್ ಬಿಚ್ಚಿ ತೆಗೆದ ಹಳದಿ ಉಣ್ಣೆ. ಬಣ್ಣ ಒಂದಿಷ್ಟು ತಿಳಿ. ಕಣ್ಣು ಮಂದವಾದವರಿಗೆ ಕಾಣುವುದಿಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ. "ಕೇಳದ ಹೊರತು ಏನೂ ಹೇಳಬ್ಯಾಡ" ಎಂದು ಅವಳಿಗೆ ಹೇಳಿಯೂ ಇಟ್ಟೆ.

ಖಾಲಾ ಮಧ್ಯಾಹ್ನದ ಗಾಡಿಯಿಂದ ಇಳಿದರು. ಕಾಲು ಜಾರಲಿಲ್ಲ, ಕೈ ಕೊಡಲು ಹೋಗಿ ನಾನೇ ಎಡವಿದೆ, ಅವರೇ ನನ್ನನ್ನು ಹಿಡಿದುಕೊಂಡರು. ಮನೆಗೆ ಬಂದು, ನೀರು ಕುಡಿದು, ಗೋಡೆ ಹಿಡಿದುಕೊಂಡು ಮೆಲ್ಲಗೆ ಗಾಲಿಚಾದ ಮೇಲೆ ಕುಳಿತರು. ಅದೇ ಮೂಲೆಯಲ್ಲಿ. ಕಣ್ಣಿನಿಂದ ನೋಡಲಿಲ್ಲ, ಬೆರಳಿನಿಂದ ನೋಡಿದರು. ಅಂಚಿನ ಗುಂಟ ಬಂದ ಬೆರಳು ಹೂವಿನ ಮೇಲೆ ನಿಂತಿತು.

"ಇದು ನಂದು ರಫೂ" ಅಂದರು. ಬೆರಳು ಸ್ವಲ್ಪ ಮುಂದೆ ಹೋಯಿತು. "ಇದು ಯಾರದು?"

ನಾನು ಗೋಡೆಯ ಕ್ಯಾಲೆಂಡರ್ ಓದತೊಡಗಿದೆ.

"ನಂದ್ರೀ" ಅಂದಳು ಮಹಾದೇವಿ. "ಬೆಕ್ಕು ಹರೀತ್ರಿ. ಇವರು ಹೇಳಬ್ಯಾಡ ಅಂದಿದ್ರು."

ಖಾಲಾ ಬಹಳ ಹೊತ್ತು ಆ ಹೊಲಿಗೆಯ ಮೇಲೆ ಬೆರಳಾಡಿಸಿದರು. "ನನ್ನಕಿಂತ ಛಲೋ ಹೊಲದಿ ಬೇಟಿ" ಅಂದರು. ಆಮೇಲೆ, "ಬೆಕ್ಕಿಗೆ ಏನ್ ಮಾಡಿದ್ರಿ? ಹೊಡದ್ರೇನು?"

"ಇಲ್ರೀ. ಇವರ ಅಕ್ಕಾರು ಗೋಣಿತಟ್ಟು ತಂದು ಕೊಟ್ರು. ಈಗ ಅದರ ಮ್ಯಾಲೇ ಕೆರೀತಾಳ."

ಖಾಲಾ ನನ್ನ ಕಡೆ ತಿರುಗಿದರು. ನಲವತ್ತು ದಾಟಿದವನು ಎಂಟು ವರ್ಷದವನಾದೆ. "ಸಂಗು, ನಿನಗ ನಾ ಸುತಳಿ ಕೊಟ್ಟಿದ್ದೆ. ಮರ್ತೀಯೇನು?"

ಮರೆತಿದ್ದೆ. ನಿಂಬೆಸಿಪ್ಪೆ, ಖಾರಪುಡಿ, ಜಮಖಾನ, ಬಸ್ಸು, ಎಲ್ಲ ನೆನಪಾಗಿ ಅದೊಂದು ನೆನಪಾಗಿರಲಿಲ್ಲ. ನನಗೆ ಸಿಕ್ಕಿದ್ದನ್ನೇ ಆ ಮೂಕಜೀವಕ್ಕೂ ಕೊಡಬೇಕಿತ್ತೆಂದು ತಿಳಿಯಲು ನನಗೆ ಒಬ್ಬ ಅಕ್ಕ ಬೇಕಾಯಿತು, ಒಂದು ಬಸ್ಸು ಬೇಕಾಯಿತು.

"ನೀ ಸಡಿಲ ಮಾಡಿಟ್ಟ ಎಳಿ, ಅದಕ್ಕ ಆಕಿ ಇದೇ ಮೂಲಿ ಹಿಡದಾಳ" ಎಂದು ಖಾಲಾ ನಕ್ಕರು. "ನಮ್ಮ ಕೂಸಿನ್ನ ಇಲ್ಲೇ ಕೂಡಸ್ತೀನಿ. ಒಂದು ಸುತಳಿ ತುಂಡೂ ಕೊಡ್ತೀನಿ."

ಮರುದಿನ ಬೆಳಿಗ್ಗೆ ಗಾಲಿಚಾ ಸುತ್ತಿದೆವು. ಖಾಲಾ ಉಪ್ಪಿಟ್ಟು ತಿನ್ನುವ ತನಕ ಅದು ಕಟ್ಟೆಯ ಮೇಲೆ ಬಿಸಿಲಲ್ಲಿ ಮಲಗಿತ್ತು. ಬಸ್ ಸ್ಟ್ಯಾಂಡಿನ ಹಮಾಲ ಬಂದು ತಲೆಯ ಮೇಲೆ ಹೊತ್ತು, "ಭಾಳ ವಜ್ಜ ಅದ್ರಿ ಇದು" ಎಂದು ಗೊಣಗಿದ. ಹಳೆಯ ಕಾಲದ ಮಾಲು ಹಾಗೇ ಭಾರ ಇರುತ್ತದೆ ಎಂದೆ. ಟಪ್ಪದ ಮೇಲೆ ಏರಿಸಿ, ಟಾರ್ಪಾಲು ಹೊದಿಸಿ, ಹಗ್ಗದ ಗಂಟನ್ನು ಮೂರು ಸಲ ಎಳೆದು ನೋಡಿಸಿದೆ. ಆಕಾಶ ನೋಡಿದೆ, ಮೋಡವಿಲ್ಲ. ಖಾಲಾ ಕಿಟಕಿಯ ಪಕ್ಕ ಕುಳಿತರು. ಹೊತ್ತು ಸರಿಯಾಗಿತ್ತು. ರಿಜಿಸ್ಟರಿನಲ್ಲಿ ಹೊರಟ ಸಮಯ ಬರೆದೆ, ಮಾಣಿಕಪ್ಪ ಸೀಟಿ ಬಾಯಿಗಿಟ್ಟ. ಇಪ್ಪತ್ತೊಂದು ದಿನದ ಮೇಲೆ ಮೊದಲ ಸಲ ನನ್ನ ಎದೆ ಹಗುರಾಯಿತು.

ಆಗ ಟಪ್ಪದ ಮೇಲಿಂದ ಹಮಾಲ ಕೂಗಿದ: "ಕಂಟ್ರೋಲರ್ ಸಾಹೇಬ್ರ, ನಿಮ್ಮ ಗಾಲಿಚಾ ಒದರಾಕತ್ತದ್ರಿ."

ಇಳಿಸಿದೆವು. ಹಗ್ಗ ಬಿಚ್ಚಿ, ಬಸ್ ಸ್ಟ್ಯಾಂಡಿನ ನಡುವೆ, ಗಾಡಿಯ ಅಷ್ಟೂ ಕಿಟಕಿಗಳಿಂದ ತಲೆಗಳು ಹೊರಬಂದು ನೋಡುತ್ತಿರುವಾಗ, ಗಾಲಿಚಾ ಹಾಸಿದೆವು. ಕಡೆಯ ಸುತ್ತಿನಿಂದ ಹೊನ್ನಿ ಹೊರಗೆ ಬಂದಳು. ಕೆಂಪಿನ ನಡುವೆ ನಿಂತು ಮೈಮುರಿದಳು. ಎರಡೂ ಮುಂಗಾಲು ಮುಂದೆ ಚಾಚಿದಳು, ಉಗುರು ಹೊರಬಂದವು. ನಾನು ಕಣ್ಣು ಮುಚ್ಚಿದೆ. ಪರ್ರ್ ಅನ್ನಲಿಲ್ಲ. ತೆರೆದಾಗ ಅವಳು ಉಗುರು ಒಳಗೆಳೆದುಕೊಂಡು, ಕುಂಟುತ್ತ ನಡೆದು ಬಂದು, ನನ್ನ ಕಾಲ ಬಳಿ ಕುಳಿತಿದ್ದಳು.

"ಅಮಾನತ್ ಅದೊಂದೇ ಇತ್ತು ಸಂಗು" ಅಂದರು ಖಾಲಾ ಕಿಟಕಿಯಿಂದ, ನಗು ತಡೆಯಲಾರದೆ. "ಇದು ನಿಂದು, ಇಟ್ಕೋ." ಕೈ ಹೊರಚಾಚಿ ನನ್ನ ತಲೆಯ ಮೇಲಿಟ್ಟರು.

ಮತ್ತೆ ಸುತ್ತಿ, ಕಟ್ಟಿ, ಏರಿಸಿದ ಮೇಲೆ ಗಾಡಿ ಹೋಯಿತು. ನಾನು ಹೊನ್ನಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಖುರ್ಚಿಯಲ್ಲಿ ಕುಳಿತೆ. ರಿಜಿಸ್ಟರಿನಲ್ಲಿ ಬರೆದಿದ್ದ ಸಮಯವನ್ನು ಹೊಡೆದುಹಾಕಿ, ನನ್ನ ಕಾರಣದಿಂದ ತಡವಾದ ಮೊದಲ ಗಾಡಿಗೆ ಐದು ನಿಮಿಷ ಕೂಡಿಸಿ ಬರೆದೆ. ಕೊನೆಯ ಕಾಲಮ್ಮಿನಲ್ಲಿ ಸ್ವಂತ ಅಕ್ಷರದಿಂದ ಕಾರಣ ನಮೂದಿಸಿದೆ: ಒಬ್ಬ ವಯಸ್ಸಾದ ಪ್ರಯಾಣಿಕರು ಇಳಿಯುವುದಿತ್ತು.